ಗೋಲ್ ಖಾಲಿ ಬಿಟ್ಟು ಅಷ್ಟು ದೂರ ಯಾಕೆ ಬರ್ತಾನೆ? ಮ್ಯಾನುಯೆಲ್ ನ್ಯೂಯರ್ ಆಟ ಅರ್ಥ ಮಾಡ್ಕೊಳ್ಳೋಕೆ

ವರ್ಲ್ಡ್ ಕಪ್ ಬಂತು ಅಂದ್ರೆ ನಾಲ್ಕು ವರ್ಷ ಫುಟ್‌ಬಾಲ್ ಕಡೆ ತಿರುಗಿಯೂ ನೋಡದೇ ಇರೋರೆಲ್ಲ ನಿದ್ದೆಗೆಟ್ಟು ಟಿವಿ ಮುಂದೆ ಕೂರ್ತಾರೆ, ಆಗ ಮನೆಯಲ್ಲಿ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ಆ ಗೋಲ್‌ಕೀಪರ್‌ಗೆ ತಲೆಗಿಲೆ ಕೆಟ್ಟಿದ್ಯಾ, ಗೋಲ್ ಬಿಟ್ಟು ಅಷ್ಟು ಮುಂದೆ ಯಾಕೆ ಓಡಿ ಬಂದ ಅಂತ. ನ್ಯಾಯವಾದ ಪ್ರಶ್ನೆನೇ. ಇದಕ್ಕೆ ಉತ್ತರ ಹೇಳೋಕೆ ಹೋದ್ರೆ ಜರ್ಮನಿಯ ಮ್ಯಾನುಯೆಲ್ ನ್ಯೂಯರ್ ಹೆಸರು ಬರದೇ ಇರಲ್ಲ. ಈ ತರ ಆಡಿದ ಮೊದಲನೇ ಕೀಪರ್ ಅವನಲ್ಲ, ಆದ್ರೆ ಅದನ್ನ ದೊಡ್ಡ ದೊಡ್ಡ ಮ್ಯಾಚ್‌ಗಳಲ್ಲಿ ಅಷ್ಟು ರಾಜಾರೋಷವಾಗಿ ಆಡಿ, ಆಡಿದ್ದರಿಂದಲೇ ಗೆದ್ದು, ಕೆಲವು ಸಲ ಆಡಿದ್ದರಿಂದಲೇ ಪೆಟ್ಟೂ ತಿಂದೋನು ಅವನು. ಹಾಗಾಗಿ ಅವನ ಕೆರಿಯರ್ ಹೇಳೋಕೆ ಮುಂಚೆ ಸ್ವಲ್ಪ ಬೇಸಿಕ್ಸ್ ನೋಡ್ಬಿಡೋಣ, ಗೊತ್ತಿರೋರು ಮುಂದಕ್ಕೆ ಹೋಗಿ.

ಕೀಪರ್‌ಗೆ ಕೈ ಎಲ್ಲಿವರೆಗೆ?

ಫುಟ್‌ಬಾಲ್ ಗೋಲ್ 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಅದರ ಮುಂದೆ 16.5 ಮೀಟರ್‌ವರೆಗೆ ಒಂದು ದೊಡ್ಡ ಆಯತ ಇರುತ್ತಲ್ಲ, ಅದೇ ಪೆನಾಲ್ಟಿ ಬಾಕ್ಸ್. ಅದರೊಳಗೆ ಮಾತ್ರ ಕೀಪರ್ ಕೈ ಬಳಸಬಹುದು. ಗೆರೆ ದಾಟಿದ ತಕ್ಷಣ ಅವನೂ ಉಳಿದ ಹತ್ತು ಜನರ ತರ ಮಾಮೂಲಿ ಆಟಗಾರ, ಕಾಲು, ತಲೆ, ಎದೆ ಅಷ್ಟೇ. ಇನ್ನೊಂದು, ಎದುರಾಳಿ ಒಬ್ಬನೇ ಗೋಲ್ ಕಡೆ ನುಗ್ಗುತ್ತಿರುವಾಗ ಕೀಪರ್ ಆಚೆ ಬಂದು ಚೆಂಡು ಮುಟ್ಟದೇ ಆಳನ್ನ ಬೀಳಿಸಿದ್ರೆ ಖಚಿತ ಗೋಲ್ ಅವಕಾಶ ಹಾಳು ಮಾಡಿದ ಅಂತ ಸೀದಾ ರೆಡ್ ಕಾರ್ಡ್. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಹಾಗಾದ್ರೆ ಗೆರೆ ಮೇಲೇ ನಿಂತ್ಕೊಂಡ್ರೆ ಆಗಲ್ವಾ? ಲೆಕ್ಕ ಹಾಕಿ ನೋಡಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೊಡೆದ ಚೆಂಡು 11 ಮೀಟರ್ ದೂರದಿಂದ ಬರೋಕೆ ಸುಮಾರು 0.4 ಸೆಕೆಂಡ್ ಸಾಕು. ಎದುರಿಗೆ ಒಬ್ಬನೇ ಸ್ಟ್ರೈಕರ್ ಬಂದು ಆರಾಮಾಗಿ ಜಾಗ ನೋಡಿ ಹೊಡೆದ ಅಂದ್ರೆ ಏಳು ಮೀಟರ್ ಅಗಲವನ್ನ ಯಾವ ಮನುಷ್ಯನೂ ಕಾಯೋಕಾಗಲ್ಲ. ಅದಕ್ಕೇ ಕೀಪರ್ ಮುಂದೆ ಬರೋದು. ಹತ್ತಿರ ಬಂದಷ್ಟೂ ಹೊಡೆಯೋನಿಗೆ ಕಾಣೋ ಗೋಲ್ ಚಿಕ್ಕದಾಗ್ತಾ ಹೋಗುತ್ತೆ, ಯೋಚನೆ ಮಾಡೋಕೆ ಟೈಮೂ ಕಮ್ಮಿ ಆಗುತ್ತೆ. ಆದ್ರೆ ತಲೆ ಮೇಲಿಂದ ಮೆಲ್ಲಗೆ ಎತ್ತಿ ಹಾಕಿದ್ರೆ ಹಿಂದೆ ಯಾರೂ ಇಲ್ಲ.

ಇಲ್ಲಿ ಕ್ರಿಕೆಟ್ ನೋಡೋರಿಗೆ ಸುಲಭವಾಗಿ ಅರ್ಥ ಆಗೋ ವಿಷಯ ಇದೆ: ಸ್ಪಿನ್ನರ್‌ಗೆ ಕ್ರೀಸ್ ಬಿಟ್ಟು ಮುಂದೆ ನುಗ್ಗಿ ಹೊಡೆಯೋ ಬ್ಯಾಟ್ಸ್‌ಮನ್ ಇರ್ತಾನಲ್ಲ, ಬಾಲ್ ತಿರುಗೋಕೆ ಮುಂಚೆನೇ ಸಿಕ್ಕಿದ್ರೆ ಸ್ಪಿನ್ನೇ ಇಲ್ಲ, ತಪ್ಪಿದ್ರೆ ಸ್ಟಂಪ್ಡ್, ನೋಡೋರ ಕಣ್ಣಿಗೆ ಪೆದ್ದನ ತರ ಕಾಣ್ತಾನೆ. ನ್ಯೂಯರ್ ಮಾಡೋದೂ ಅದೇ. ಹೆಜ್ಜೆ ಒಂದೇ, ಫಲಿತಾಂಶ ಮಾತ್ರ ಎರಡು.

1992ರಲ್ಲಿ ಬಂದ ರೂಲು

ಹಿಂದೆಲ್ಲ ಒಂದು ಟೀಮ್ ಗೆಲ್ತಾ ಇದ್ರೆ ಸಮಯ ಕಳೆಯೋದು ಬಹಳ ಸುಲಭ ಇತ್ತು. ಡಿಫೆಂಡರ್ ಕೀಪರ್‌ಗೆ ಪಾಸ್ ಕೊಡೋದು, ಕೀಪರ್ ಕೈಯಲ್ಲಿ ಹಿಡಿಯೋದು, ಡಿಫೆಂಡರ್‌ಗೆ ಉರುಳಿಸೋದು, ಅವನು ಮತ್ತೆ ವಾಪಸ್ ಕೊಡೋದು. 1990ರ ಇಟಲಿ ವರ್ಲ್ಡ್ ಕಪ್ ಈ ತರ ಆಟದಿಂದ ಬೋರ್ ಹೊಡೆಸಿದ್ದಕ್ಕೆ ಇವತ್ತಿಗೂ ಹೆಸರುವಾಸಿ, ಮ್ಯಾಚಿಗೆ ಸರಾಸರಿ 2.21 ಗೋಲ್. 1992ರ ಯೂರೋ, ಅಂದ್ರೆ ಯೂರೋಪ್ ದೇಶಗಳ ಟೂರ್ನಿ, ಅದರ ಫೈನಲ್‌ನಲ್ಲಿ ಡೆನ್ಮಾರ್ಕ್ ಜರ್ಮನಿ ಮೇಲೆ 2-0 ಗೆದ್ದಾಗಲೂ ಚೆಂಡು ಮತ್ತೆ ಮತ್ತೆ ಅವರ ಕೀಪರ್ ಪೀಟರ್ ಶ್ಮೈಕಲ್ ಕೈಗೇ ಹೋಗ್ತಾ ಇತ್ತು. ಅದೇ ವರ್ಷ ರೂಲ್ ಬದಲಾಯ್ತು: ತನ್ನ ಟೀಮಿನವನು ಬೇಕಂತಲೇ ಕಾಲಲ್ಲಿ ಕೊಟ್ಟ ಪಾಸನ್ನ ಕೀಪರ್ ಕೈಯಲ್ಲಿ ಹಿಡಿಯಂಗಿಲ್ಲ. ಬ್ಯಾಕ್ ಪಾಸ್ ರೂಲ್ ಅಂತಾರೆ ಇದನ್ನ.

ಒಂದೇ ಸಾಲಿನ ರೂಲು, ಆದ್ರೆ ಆಗ ಹೆಸರು ಮಾಡಿದ್ದ ಎಷ್ಟೋ ಕೀಪರ್‌ಗಳು ಅಲ್ಲಿವರೆಗೆ ಕಾಲಲ್ಲಿ ಆಡೋದನ್ನ ಕಲಿತೇ ಇರ್ಲಿಲ್ಲ, ಚೆಂಡು ಕಾಲಿಗೆ ಬಂದ್ರೆ ಗಾಬರಿಬಿದ್ದು ಗ್ಯಾಲರಿ ಕಡೆ ಒದೀತಿದ್ರು. ನ್ಯೂಯರ್ ಹುಟ್ಟಿದ್ದು 1986 ಮಾರ್ಚ್ 27ಕ್ಕೆ. ಅಂದ್ರೆ ರೂಲ್ ಬಂದಾಗ ಅವನಿಗೆ ಆರು ವರ್ಷ. ಕೀಪಿಂಗ್ ಕಲಿಯೋಕೆ ಶುರು ಮಾಡೋ ಹೊತ್ತಿಗೆ ಆಟವೇ ಬದಲಾಗಿತ್ತು, ಅವನು ಹಳೇ ಅಭ್ಯಾಸ ಮರೆಯೋ ಪ್ರಶ್ನೆನೇ ಬರ್ಲಿಲ್ಲ.

ಸ್ವೀಪರ್ ಕೀಪರ್ ಅಂದ್ರೆ ಯಾರು

ಡಿಫೆಂಡರ್‌ಗಳ ಸಾಲಿನ ಹಿಂದೆ ಒಬ್ಬ ಇದ್ಕೊಂಡು, ತಪ್ಪಿಸಿಕೊಂಡು ಬಂದ ಚೆಂಡನ್ನೆಲ್ಲ ಗುಡಿಸಿ ಹಾಕೋನನ್ನ ಹಿಂದೆ ಸ್ವೀಪರ್ ಅಂತಿದ್ರು. ಆಮೇಲೆ ಟೀಮ್‌ಗಳು ಡಿಫೆಂಡರ್‌ಗಳನ್ನೆಲ್ಲ ಮೈದಾನದ ಮಧ್ಯದ ಗೆರೆ ಹತ್ತಿರ ತಳ್ಳಿ ನಿಲ್ಲಿಸೋಕೆ ಶುರು ಮಾಡಿದ್ವು, ಇದಕ್ಕೆ ಹೈ ಲೈನ್ ಅಂತಾರೆ. ಲಾಭ ಏನಂದ್ರೆ ಎದುರಾಳಿಯನ್ನ ಅವನ ಅರ್ಧದಲ್ಲೇ ಅದುಮಿ ಇಡಬಹುದು. ನಷ್ಟ ಏನಂದ್ರೆ ಡಿಫೆಂಡರ್‌ಗಳ ಬೆನ್ನ ಹಿಂದೆ ಮೂವತ್ತು ನಲವತ್ತು ಮೀಟರ್ ಜಾಗ ಖಾಲಿ, ಅಲ್ಲಿಗೆ ಒಂದು ಉದ್ದ ಪಾಸ್ ಬಿದ್ದು, ವೇಗದ ಸ್ಟ್ರೈಕರ್ ಅದರ ಹಿಂದೆ ಬಿದ್ದ ಅಂದ್ರೆ ಮುಗೀತು. ಆ ಖಾಲಿ ಜಾಗ ಕಾಯೋಕೆ ಇರೋನು ಕೀಪರ್ ಒಬ್ಬನೇ. ಆ ಕೆಲಸಾನೂ ಮಾಡೋ ಕೀಪರ್ರೇ ಸ್ವೀಪರ್ ಕೀಪರ್.

ಐವತ್ತರ ದಶಕದಲ್ಲಿ ಹಂಗೇರಿಯ ಗ್ಯೂಲಾ ಗ್ರೋಸಿಚ್, ಸೋವಿಯತ್ ಒಕ್ಕೂಟದ ಲೆವ್ ಯಾಶಿನ್ ಹೀಗೆ ಮುಂದೆ ಬಂದು ಆಡ್ತಿದ್ರು. ಕೊಲಂಬಿಯಾದ ರೆನೆ ಇಗೀಟಾ ಅಂತೂ ಡ್ರಿಬಲ್ ಮಾಡೋಕೆ ಹೋಗಿ 1990ರ ವರ್ಲ್ಡ್ ಕಪ್‌ನಲ್ಲಿ ಕ್ಯಾಮರೂನ್‌ನ ರೋಜರ್ ಮಿಲ್ಲಾಗೆ ಚೆಂಡು ಕಳ್ಕೊಂಡು ಟೀಮನ್ನೇ ಮನೆಗೆ ಕಳಿಸಿದ. ಜನ ಇದನ್ನೆಲ್ಲ ಹುಚ್ಚಾಟ ಅಂತ ನೋಡ್ತಿದ್ರೇ ಹೊರತು ಕೀಪರ್ ಕೆಲಸ ಅಂತ ಅಲ್ಲ.

ಗೆಲ್ಸನ್‌ಕಿರ್ಶನ್ ಹುಡುಗ

ನ್ಯೂಯರ್ ಹುಟ್ಟಿದ ಊರು ಗೆಲ್ಸನ್‌ಕಿರ್ಶನ್, ಜರ್ಮನಿಯ ಪಶ್ಚಿಮದಲ್ಲಿ ರೂರ್ ಅನ್ನೋ ಕಲ್ಲಿದ್ದಲು ಗಣಿಗಳ ಸೀಮೆ. ಅಲ್ಲಿನ ಕ್ಲಬ್ ಶಾಲ್ಕೆ 04, ಗಣಿ ಕಾರ್ಮಿಕರ ಕ್ಲಬ್ ಅಂತಲೇ ಹೆಸರು. ಐದರ ಆಸುಪಾಸಿನ ವಯಸ್ಸಲ್ಲೇ ಅಲ್ಲಿ ಸೇರ್ಕೊಂಡ, ಬರೀ ಆಟಗಾರ ಅಲ್ಲ, ಅಪ್ಪಟ ಶಾಲ್ಕೆ ಅಭಿಮಾನಿ. 2006ರಲ್ಲಿ ಬುಂಡೆಸ್‌ಲೀಗಾದಲ್ಲಿ, ಅಂದ್ರೆ ಜರ್ಮನಿಯ ಟಾಪ್ ಲೀಗ್‌ನಲ್ಲಿ, ಇಪ್ಪತ್ತನೇ ವಯಸ್ಸಿಗೆ ಆಡೋಕೆ ಶುರು. 2008ರ ಮಾರ್ಚ್‌ನಲ್ಲಿ ಚಾಂಪಿಯನ್ಸ್ ಲೀಗ್‌ನಲ್ಲಿ, ಅಂದ್ರೆ ಯೂರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿಯಲ್ಲಿ, ಪೋರ್ಟೊ ವಿರುದ್ಧ ಪೆನಾಲ್ಟಿ ಶೂಟೌಟ್‌ನಲ್ಲಿ ಎರಡು ತಡೆದು ಟೀಮನ್ನ ಕ್ವಾರ್ಟರ್ ಫೈನಲ್‌ಗೆ ಕರ್ಕೊಂಡು ಹೋದ. ಮುಂದಿನ ವರ್ಷ ಜರ್ಮನಿಯ 21ರೊಳಗಿನವರ ಟೀಮ್ ಯೂರೋ ಗೆದ್ದಾಗ, ಫೈನಲ್‌ನಲ್ಲಿ ಇಂಗ್ಲೆಂಡ್ ಮೇಲೆ 4-0, ಕೀಪರ್ ಇವನೇ. ಆ ಟೀಮಲ್ಲಿದ್ದ ಓಜಿಲ್, ಖೆದಿರಾ, ಹುಮೆಲ್ಸ್, ಬೋಟೆಂಗ್, ಹೋವೆಡೆಸ್ ಇವರೆಲ್ಲ ಐದು ವರ್ಷ ಆದ್ಮೇಲೆ ವರ್ಲ್ಡ್ ಕಪ್ ಎತ್ತಿದವರು.

ಸೀನಿಯರ್ ಟೀಮಲ್ಲಿ ಜಾಗ ಸಿಕ್ಕಿದ್ದು ಮಾತ್ರ ದುಃಖದ ಸಂದರ್ಭಗಳಲ್ಲಿ. ನಂಬರ್ ಒನ್ ಅಂತ ಲೆಕ್ಕದಲ್ಲಿದ್ದ ರಾಬರ್ಟ್ ಎಂಕೆ 2009ರ ನವೆಂಬರ್‌ನಲ್ಲಿ ತೀರಿಕೊಂಡರು, ಆಮೇಲೆ ರೆನೆ ಆಡ್ಲರ್‌ಗೆ 2010ರ ವರ್ಲ್ಡ್ ಕಪ್‌ಗೆ ಸ್ವಲ್ಪ ಮುಂಚೆ ಪಕ್ಕೆಲುಬಿಗೆ ಪೆಟ್ಟಾಯ್ತು. 24 ವರ್ಷದ ನ್ಯೂಯರ್ ಸೌತ್ ಆಫ್ರಿಕಾಗೆ ನಂಬರ್ ಒನ್ ಆಗಿ ಹೋದ.

ಅಲ್ಲಿ ಇಂಗ್ಲೆಂಡ್ ಮ್ಯಾಚ್ (4-1 ಜರ್ಮನಿಗೆ) ಎಲ್ಲರಿಗೂ ನೆನಪಿರೋದು ಲ್ಯಾಂಪಾರ್ಡ್ ಹೊಡೆದ ಚೆಂಡು ಗೆರೆ ದಾಟಿದ್ರೂ ರೆಫರಿ ಗೋಲ್ ಕೊಡದೇ ಇದ್ದಿದ್ದಕ್ಕೆ. ನನಗೆ ಅದಕ್ಕಿಂತ ಇಷ್ಟ ಆಗೋದು 20ನೇ ನಿಮಿಷದ ಮೊದಲ ಗೋಲ್. ನ್ಯೂಯರ್ ಒದ್ದ ಗೋಲ್ ಕಿಕ್ ಇಂಗ್ಲೆಂಡ್ ಡಿಫೆನ್ಸ್ ಮೇಲಿಂದ ಹಾರಿ ಸೀದಾ ಮಿರೊಸ್ಲಾವ್ ಕ್ಲೋಸ ಮುಂದೆ ಬಿತ್ತು, ಅವನು ಗೋಲ್ ಮಾಡ್ದ. ಗೋಲ್ ಕಿಕ್‌ನಿಂದ ಸೀದಾ ಬಂದ ಚೆಂಡಿಗೆ ಆಫ್‌ಸೈಡ್ (ಪಾಸ್ ಕೊಡೋಕೆ ಮುಂಚೆನೇ ಎದುರಾಳಿ ಡಿಫೆಂಡರ್‌ಗಳನ್ನ ದಾಟಿ ನಿಂತಿರೋ ತಪ್ಪು) ಇಲ್ಲ, ತುಂಬಾ ಜನಕ್ಕೆ ಈ ರೂಲ್ ನೆನಪೇ ಇರಲ್ಲ. ಡಿಫೆನ್ಸಿನ ಕಟ್ಟಕಡೆಯವನು ಒಂದೇ ಒದೆತದಲ್ಲಿ ಗೋಲಿಗೆ ಅವಕಾಶ ಮಾಡಿಕೊಟ್ಟ, ಮುಂದೆ ಬರೋದಕ್ಕೆಲ್ಲ ಇದೊಂದು ಸ್ಯಾಂಪಲ್.

"ನೀನು ಬೇಡ" ಅಂದ ಮ್ಯೂನಿಕ್

2011 ಶಾಲ್ಕೆಯಲ್ಲಿ ಅವನ ಕೊನೇ ಸೀಸನ್. ಏಪ್ರಿಲ್‌ನಲ್ಲಿ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್, ಮಿಲಾನ್‌ನಲ್ಲಿ ಇಂಟರ್ ವಿರುದ್ಧ. ಆಟ ಶುರುವಾಗಿ ಅರ್ಧ ನಿಮಿಷವೂ ಆಗಿಲ್ಲ, ನ್ಯೂಯರ್ ಬಾಕ್ಸ್ ಆಚೆ ಓಡಿ ಬಂದು ಹಾರಿ ತಲೆಯಲ್ಲಿ ಚೆಂಡು ಹೊಡೆದ, ಅದು ಹೋಗಿ ಬಿದ್ದಿದ್ದು ಇಂಟರ್‌ನ ಸ್ಟಾಂಕೋವಿಚ್ ಹತ್ರ, ಆ ಪುಣ್ಯಾತ್ಮ ಮಧ್ಯದ ಗೆರೆ ಹತ್ತಿರದಿಂದಲೇ ಗಾಳಿಯಲ್ಲಿ ಬಂದ ಚೆಂಡನ್ನ ಹಾಗೇ ಹೊಡೆದು ಖಾಲಿ ಗೋಲಿಗೆ ಹಾಕಿದ. ಬೇರೆಯವನಾಗಿದ್ರೆ ಅವತ್ತು ರಾತ್ರಿಯಿಂದಲೇ ಗೆರೆ ಬಿಟ್ಟು ಕದಲ್ತಿರ್ಲಿಲ್ಲ ಅನ್ಸುತ್ತೆ. ಶಾಲ್ಕೆ ಆ ಮ್ಯಾಚ್ ಕೊನೆಗೆ 5-2 ಗೆತ್ತು, ನ್ಯೂಯರ್ ಮುಂದೆ ಬರೋದೂ ನಿಲ್ಲಿಸ್ಲಿಲ್ಲ.

ಅದೇ ವರ್ಷ ಜರ್ಮನ್ ಕಪ್ ಗೆದ್ದು ಬಯರ್ನ್ ಮ್ಯೂನಿಕ್‌ಗೆ ಹೋದ. ಶಾಲ್ಕೆಯವರಿಗೆ ಇವನು ದ್ರೋಹಿ ಆದ, ಅದು ಅರ್ಥ ಆಗುತ್ತೆ. ತಮಾಷೆ ಅಂದ್ರೆ ಬಯರ್ನ್ ಅಭಿಮಾನಿಗಳಿಗೂ ಬೇಡವಾಗಿದ್ದ. ಶಾಲ್ಕೆಯ ಕಟ್ಟಾ ಅಭಿಮಾನಿ ನಮ್ಮ ಗೋಲ್ ಕಾಯೋದಾ ಅಂತ ಬವೇರಿಯಾ ಆಡುಮಾತಲ್ಲಿ ನ್ಯೂಯರ್ ಬೇಡ ಅಂತ ಬರೆದ ಫಲಕ ಹಿಡ್ಕೊಂಡು ಸ್ಟೇಡಿಯಂನಲ್ಲಿ ನಿಂತಿದ್ರು. ಬಂದ್ಮೇಲೂ ಜರ್ಸಿ ಮೇಲಿನ ಲಾಂಛನಕ್ಕೆ ಮುತ್ತು ಕೊಡಂಗಿಲ್ಲ ಅಂತೆಲ್ಲ ಕಟ್ಟಾ ಅಭಿಮಾನಿಗಳ ಗುಂಪು ಷರತ್ತು ಹಾಕಿತ್ತು. ಅದೂ ಅಲ್ದೆ ಆ ಗೋಲಲ್ಲಿ ಹದಿನಾಲ್ಕು ವರ್ಷ ನಿಂತಿದ್ದೋನು ಒಲಿವರ್ ಕಾನ್, 2002ರ ವರ್ಲ್ಡ್ ಕಪ್‌ನಲ್ಲಿ ಬೆಸ್ಟ್ ಪ್ಲೇಯರ್ ಪ್ರಶಸ್ತಿ ತಗೊಂಡ ಒಬ್ಬನೇ ಕೀಪರ್. (2008ರ ಮೇ ತಿಂಗಳಲ್ಲಿ ಅವನ ವಿದಾಯದ ಪ್ರವಾಸ ನಮ್ಮ ಕೋಲ್ಕತ್ತಾಗೂ ಬಂದಿತ್ತು, ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಮೋಹನ್ ಬಗಾನ್ ವಿರುದ್ಧ, ಸ್ಟೇಡಿಯಂ ಕಿಕ್ಕಿರಿದು ತುಂಬಿತ್ತು.) ಕಾನ್ ಹಳೇ ಕಾಲದ ಕೀಪರ್, ಗೆರೆ ಮೇಲೆ ನಿಂತು ಘರ್ಜಿಸೋ ಟೈಪು.

ಇಂಥಾ ಜಾಗಕ್ಕೆ ಬಂದು ಬುಂಡೆಸ್‌ಲೀಗಾದ ಮೊದಲನೇ ಮ್ಯಾಚಲ್ಲೇ ಬೊರುಸಿಯಾ ಮೊಂಶನ್‌ಗ್ಲಾಡ್‌ಬಾಕ್ ವಿರುದ್ಧ ಮುಂದೆ ಓಡಿ ಬಂದು ಲೆಕ್ಕ ತಪ್ಪಿ ಗೋಲ್ ಬಿಟ್ಟುಕೊಟ್ಟ, 0-1 ಸೋಲು. ಆಮೇಲೆ ಎಲ್ಲಾ ಟೂರ್ನಿ ಸೇರಿ ಸಾವಿರಕ್ಕೂ ಹೆಚ್ಚು ನಿಮಿಷ ಒಂದೂ ಗೋಲ್ ಬಿಡದೇ ಕ್ಲಬ್ಬಿನಲ್ಲಿ ಕಾನ್ ಹೆಸರಲ್ಲಿದ್ದ ದಾಖಲೆ ಮುರಿದ. ಫಲಕ ಮೆಲ್ಲಗೆ ಕಾಣೆಯಾದ್ವು.

ಕೈ ಕೆಲಸ ಬರಲ್ಲ ಅಂದ್ಕೋಬೇಡಿ

ಕಾಲಿನ ಬಗ್ಗೆನೇ ಮಾತಾಡಿ ಮಾತಾಡಿ ಕೈ ಮರೆತೇ ಹೋಗುತ್ತೆ. 1.93 ಮೀಟರ್ ಎತ್ತರದ ಆಳು, ಒನ್ ಆನ್ ಒನ್ ಬಂದ್ರೆ ಬೇಗ ಬೀಳಲ್ಲ, ಕೈ ಕಾಲು ಅಗಲಿಸಿ ಕೊನೇ ಕ್ಷಣದವರೆಗೂ ನಿಂತೇ ಇರ್ತಾನೆ, ಹೊಡೆಯೋನೇ ಮೊದಲು ನಿರ್ಧಾರ ಮಾಡಬೇಕಾಗುತ್ತೆ. ಚೆಂಡನ್ನ ಕೈಯಲ್ಲಿ ಎಸೆದ್ರೆ ಮಧ್ಯದ ಗೆರೆವರೆಗೆ ಹೋಗುತ್ತೆ, ಸೇವ್ ಮಾಡಿದ ಮುಂದಿನ ಸೆಕೆಂಡಲ್ಲೇ ಅಟ್ಯಾಕ್ ಶುರು.

ಪೆನಾಲ್ಟಿ ವಿಷಯಕ್ಕೆ ಬಂದ್ರೆ 2012ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ಮ್ಯಾಡ್ರಿಡ್‌ನಲ್ಲಿ ರಿಯಲ್‌ನ ಮೊದಲ ಎರಡು ಕಿಕ್, ಹೊಡೆದೋರು ರೊನಾಲ್ಡೊ ಮತ್ತೆ ಕಾಕಾ, ಎರಡನ್ನೂ ತಡೆದ. ಫೈನಲ್ ಮ್ಯೂನಿಕ್‌ನಲ್ಲೇ, ಚೆಲ್ಸಿ ಎದುರು, ಅಲ್ಲೂ ಶೂಟೌಟ್. ಬಯರ್ನ್‌ನ ಮೂರನೇ ಪೆನಾಲ್ಟಿ ಹೊಡೆಯೋಕೆ ನಡ್ಕೊಂಡು ಬಂದೋನು ನ್ಯೂಯರ್, ಗೋಲೂ ಹಾಕ್ದ, ಆದ್ರೆ ಟೀಮ್ ಸೋತು ಹೋಯ್ತು. ಸ್ವಂತ ಮೈದಾನದಲ್ಲಿ ಆ ಸೋಲು ಎಷ್ಟು ಉರಿಸಿರಬೇಕು. ಮುಂದಿನ ವರ್ಷ ವೆಂಬ್ಲಿಯಲ್ಲಿ ಡಾರ್ಟ್‌ಮಂಡ್ ಮೇಲೆ 2-1 ಗೆದ್ದು ಕಪ್ ತಗೊಂಡ್ರು, ಜೊತೆಗೆ ಲೀಗ್, ಜರ್ಮನ್ ಕಪ್, ಒಂದೇ ಸೀಸನಲ್ಲಿ ಮೂರು. 2020ರಲ್ಲಿ ಮತ್ತೆ ಮೂರೂ, ಈ ಸಲ ಇವನೇ ಕ್ಯಾಪ್ಟನ್. 2013ರಿಂದ 2023ರವರೆಗೆ ಬಯರ್ನ್ ಸತತ 11 ಲೀಗ್ ಗೆತ್ತು, ಎಲ್ಲಾ ಸೀಸನಲ್ಲೂ ಇವನು ಟೀಮಲ್ಲಿದ್ದ.

ಆ ಆಲ್ಜೀರಿಯಾ ಮ್ಯಾಚ್

ನ್ಯೂಯರ್ ಬಗ್ಗೆ ಒಂದೇ ಒಂದು ಮ್ಯಾಚ್ ನೋಡೋಕೆ ಟೈಮ್ ಇದೆ ಅಂದ್ರೆ 2014 ಜೂನ್ 30ರ ಪೋರ್ಟೊ ಅಲೆಗ್ರೆ ಮ್ಯಾಚ್ ನೋಡಿ, ವರ್ಲ್ಡ್ ಕಪ್ ಪ್ರಿ-ಕ್ವಾರ್ಟರ್, ಜರ್ಮನಿ-ಆಲ್ಜೀರಿಯಾ. ಜರ್ಮನಿ ಹೈ ಲೈನ್ ಆಡ್ತಿತ್ತು, ಆದ್ರೆ ಡಿಫೆನ್ಸ್ ಮಧ್ಯದಲ್ಲಿದ್ದ ಮೆರ್ಟೆಸಾಕರ್ ಬಹಳ ಎತ್ತರ, ಬಹಳ ನಿಧಾನ, ಹುಮೆಲ್ಸ್ ಹುಷಾರಿಲ್ಲದೇ ಹೊರಗಿದ್ದ. ಆಲ್ಜೀರಿಯಾದವರು ಇದನ್ನ ಸರಿಯಾಗಿ ಓದಿಕೊಂಡು ಬಂದಿದ್ರು: ಚೆಂಡು ಸಿಕ್ಕಿದ ತಕ್ಷಣ ಬೆನ್ನ ಹಿಂದಕ್ಕೆ ಉದ್ದ ಪಾಸ್, ಅವರ ಸ್ಟ್ರೈಕರ್ ಸ್ಲಿಮಾನಿ ಓಟ. ಮತ್ತೆ ಮತ್ತೆ ಅದೇ. ಪ್ರತಿ ಸಲವೂ ಡಿಫೆಂಡರ್ ಹಿಂದೆ ಬಿದ್ದ, ಸ್ಲಿಮಾನಿ ಮುಂದೆ ಹೋದ, ಇನ್ನೇನು ಅನ್ನೋಷ್ಟರಲ್ಲಿ ಪರದೆಯ ಆ ಕಡೆಯಿಂದ ನ್ಯೂಯರ್ ಓಡಿ ಬಂದು ಜಾರಿ ಚೆಂಡು ಒದ್ದ, ಇಲ್ಲಾ ತಲೆಯಲ್ಲಿ ಹೊಡೆದ. ಬಾಕ್ಸ್ ಆಚೆ 19 ಸಲ ಚೆಂಡು ಮುಟ್ಟಿದ ಅಂತ ಲೆಕ್ಕ. ಮ್ಯಾಚ್ ಎಕ್ಸ್‌ಟ್ರಾ ಟೈಮ್‌ಗೆ ಹೋಗಿ ಜರ್ಮನಿ 2-1 ಗೆತ್ತು.

ಇಲ್ಲಿ ಗಮನಿಸಬೇಕಾದ್ದು ಓಟದ ವೇಗ ಅಲ್ಲ, ಓಟ ಶುರು ಮಾಡೋ ಸಮಯ. ಪಾಸ್ ಕೊಡೋನು ತಲೆ ಎತ್ತಿ ಕಾಲು ಹಿಂದಕ್ಕೆ ತಗೊಂಡ ಅಂದ್ರೆ ನ್ಯೂಯರ್ ಆಗ್ಲೇ ಹೊರಟಿರ್ತಾನೆ. ಚೆಂಡು ಬಿಟ್ಟ ಮೇಲೆ ಹೊರಟ್ರೆ ತಡ. ಅಷ್ಟೊತ್ತಿಗೆ ತನ್ನ ಡಿಫೆಂಡರ್ ಎಲ್ಲಿದಾನೆ, ಸ್ಟ್ರೈಕರ್ ಎಲ್ಲಿದಾನೆ, ಚೆಂಡು ಎಲ್ಲಿ ಪುಟಿಯುತ್ತೆ ಅಂತ ತಲೆಯಲ್ಲಿ ಲೆಕ್ಕ ಆಗಿರ್ಬೇಕು, ಮತ್ತೆ ಹೊರಟ್ಮೇಲೆ ಅರ್ಧದಲ್ಲಿ ನಿಲ್ಲಂಗಿಲ್ಲ. ಅರ್ಧ ದಾರಿಯಲ್ಲಿ ಅನುಮಾನ ಬಂದು ನಿಂತ ಕೀಪರ್‌ಗೆ ಚೆಂಡೂ ಸಿಗಲ್ಲ, ಗೋಲೂ ಉಳಿಯಲ್ಲ.

ಆಮೇಲೆ ಕ್ವಾರ್ಟರ್ ಫೈನಲ್‌ನಲ್ಲಿ ಕೊನೇ ಕ್ಷಣದಲ್ಲಿ ಫ್ರಾನ್ಸ್‌ನ ಬೆಂಜೆಮಾ ಹೊಡೆತವನ್ನ ಒಂದೇ ಕೈಯಲ್ಲಿ ತಳ್ಳಿದ್ದು, ಬ್ರೆಜಿಲ್ ಮೇಲೆ 7-1, ಫೈನಲ್‌ನಲ್ಲಿ ಅರ್ಜೆಂಟೀನಾ ಮೇಲೆ ಗೋಟ್ಸೆ ಗೋಲಿಂದ 1-0, ಇದೆಲ್ಲ ನಿಮಗೂ ಗೊತ್ತಿರುತ್ತೆ. ಟೂರ್ನಿಯ ಬೆಸ್ಟ್ ಕೀಪರ್ ಪ್ರಶಸ್ತಿ ಗೋಲ್ಡನ್ ಗ್ಲವ್ ಇವನಿಗೇ. ಆ ವರ್ಷದ ಬ್ಯಾಲನ್ ಡಿ'ಓರ್, ಅಂದ್ರೆ ಪ್ರಪಂಚದ ಬೆಸ್ಟ್ ಆಟಗಾರನ ಪ್ರಶಸ್ತಿ, ಅದರಲ್ಲಿ ಮೂರನೇ ಸ್ಥಾನ. ರೊನಾಲ್ಡೊಗೆ 37.66 ಪರ್ಸೆಂಟ್, ಮೆಸ್ಸಿಗೆ 15.76, ನ್ಯೂಯರ್‌ಗೆ 15.72. ಎರಡನೇ ಸ್ಥಾನ ತಪ್ಪಿದ್ದು ಕೂದಲೆಳೆಯಲ್ಲಿ. ಇಲ್ಲಿವರೆಗೆ ಆ ಪ್ರಶಸ್ತಿ ಗೆದ್ದ ಕೀಪರ್ ಒಬ್ಬನೇ, 1963ರಲ್ಲಿ ಲೆವ್ ಯಾಶಿನ್.

ಕಜಾನ್‌ನಲ್ಲಿ ಏನಾಯ್ತು

2016ರಲ್ಲಿ ಜರ್ಮನಿಯ ಕ್ಯಾಪ್ಟನ್ ಆದ. 2017ರಲ್ಲಿ ಪಾದದ ಮೂಳೆ ಎರಡು ಸಲ ಮುರೀತು, ಹೆಚ್ಚುಕಮ್ಮಿ ಇಡೀ ಸೀಸನ್ ಹೊರಗೆ ಕೂತು ಸೀದಾ 2018ರ ರಷ್ಯಾ ವರ್ಲ್ಡ್ ಕಪ್‌ಗೆ ಬಂದ. ಜೂನ್ 27ಕ್ಕೆ ಕಜಾನ್‌ನಲ್ಲಿ ಸೌತ್ ಕೊರಿಯಾ ಮ್ಯಾಚ್, ಜರ್ಮನಿ ಮುಂದೆ ಹೋಗೋಕೆ ಗೆಲ್ಲಲೇಬೇಕು. ಇಂಜುರಿ ಟೈಮ್‌ನಲ್ಲಿ ಕೊರಿಯಾ ಒಂದು ಗೋಲ್ ಹಾಕ್ತು. ಆಗ ನ್ಯೂಯರ್ ಎದುರಾಳಿಯ ಅರ್ಧಕ್ಕೇ ಹೋಗಿ ಆಡೋಕೆ ಶುರು ಮಾಡ್ದ, ಅಲ್ಲಿ ಚೆಂಡು ಕಳ್ಕೊಂಡ, ಕೊರಿಯಾದವರು ಉದ್ದಕ್ಕೆ ಒದ್ರು, ಸನ್ ಹ್ಯೂಂಗ್-ಮಿನ್ ಒಬ್ಬನೇ ಓಡಿ ಹೋಗಿ ಖಾಲಿ ಗೋಲಿಗೆ ತಟ್ಟಿದ. 2-0. 1938ರ ನಂತರ ಮೊದಲ ಸಲ ಜರ್ಮನಿ ಮೊದಲ ಸುತ್ತಲ್ಲೇ ಮನೆಗೆ.

ಆ ಕ್ಲಿಪ್ ನೋಡಿ ಎಷ್ಟು ಜನ ನಕ್ಕಿದಾರೋ. ಆದ್ರೆ ಲೆಕ್ಕ ನೋಡಿದ್ರೆ ಅದು ದಡ್ಡತನ ಅಲ್ಲ. 0-1 ಸೋತ್ರೂ ಔಟ್, 0-2 ಸೋತ್ರೂ ಔಟ್. ಗೋಲಲ್ಲಿ ನಿಂತ್ಕೊಂಡು ಮರ್ಯಾದೆಯಾಗಿ ಸೋಲೋದಕ್ಕಿಂತ ಮುಂದೆ ಒಬ್ಬ ಹೆಚ್ಚಾಗಿ ಇದ್ರೆ ಏನಾದ್ರೂ ಆಗಬಹುದು ಅಂತ ಹೋಗಿದ್ದು. ಸಾಮಾನ್ಯವಾಗಿ ಕೀಪರ್‌ಗಳು ಕೊನೇ ಕಾರ್ನರ್‌ಗೆ ಮಾತ್ರ ಹಾಗೆ ಹೋಗ್ತಾರೆ, ಇವನು ಆಟ ನಡೀತಾ ಇರುವಾಗಲೇ ಹೋದ, ಅಷ್ಟೇ ವ್ಯತ್ಯಾಸ.

ಕಾಲು ಮುರಿದ ಮೇಲೆ

2022ರ ಕತಾರ್‌ನಲ್ಲೂ ಜರ್ಮನಿ ಮೊದಲ ಸುತ್ತಲ್ಲೇ ಹೊರಗೆ. ಅಲ್ಲಿಗೆ ನ್ಯೂಯರ್‌ದು ವರ್ಲ್ಡ್ ಕಪ್‌ನಲ್ಲಿ 19 ಮ್ಯಾಚ್, ಕೀಪರ್‌ಗಳಲ್ಲಿ ಆಗ ಅದು ದಾಖಲೆ, ಅದೇ ಟೂರ್ನಿಯಲ್ಲಿ ಫ್ರಾನ್ಸ್‌ನ ಯೋರಿಸ್ 20 ಆಡಿ ದಾಟಿದ. ಊರಿಗೆ ಬಂದು ಹಿಮದಲ್ಲಿ ಸ್ಕೀಯಿಂಗ್‌ಗೆ ಹೋಗಿ ಡಿಸೆಂಬರ್‌ನಲ್ಲಿ ಮೊಣಕಾಲ ಕೆಳಗೆ ಕಾಲು ಮುರ್ಕೊಂಡ. ಆಸ್ಪತ್ರೆ, ಆಪರೇಷನ್, ಸೀಸನ್ ಮುಗೀತು. ಈ ಮಧ್ಯೆ ಶಾಲ್ಕೆ ದಿನಗಳಿಂದ ಜೊತೆಗಿದ್ದ ಕೀಪಿಂಗ್ ಕೋಚ್ ಟೋನಿ ಟಪಲೋವಿಚ್‌ನ ಬಯರ್ನ್ ಕೆಲಸದಿಂದ ತೆಗೀತು, ನ್ಯೂಯರ್ ಪತ್ರಿಕೆಗಳಲ್ಲಿ ಬಹಿರಂಗವಾಗೇ ಬೇಜಾರು ಹೇಳ್ಕೊಂಡ. ವಾಪಸ್ ಬಂದಿದ್ದು 2023ರ ಅಕ್ಟೋಬರ್ ಕೊನೆಗೆ, ಡಾರ್ಮ್‌ಸ್ಟಾಟ್ ವಿರುದ್ಧ, ಬಯರ್ನ್ 8-0 ಗೆದ್ದ ಮ್ಯಾಚು.

ಮೂವತ್ತೇಳು ವಯಸ್ಸು, ಮುರಿದು ಕೂಡಿದ ಕಾಲು, ಆದ್ರೂ ಆಟದ ರೀತಿ ಅದೇ. ಇಲ್ಲೇ ಇರೋದು ಕಷ್ಟ. ಗೆರೆ ಮೇಲೆ ನಿಲ್ಲೋ ಕೀಪರ್‌ಗೆ ವಯಸ್ಸಾದ್ರೆ ಅನುಭವದಲ್ಲಿ ಸ್ವಲ್ಪ ಸರಿದೂಗಿಸಬಹುದು, ಆಚೆ ಓಡಿ ಬರೋ ಕೀಪರ್‌ಗೆ ಒಂದು ಹೆಜ್ಜೆ ತಡ ಆದ್ರೂ ಎದ್ದು ಕಾಣುತ್ತೆ. 2024ರ ಡಿಸೆಂಬರ್‌ನಲ್ಲಿ ಲೆವರ್‌ಕುಸೆನ್ ವಿರುದ್ಧ ಜರ್ಮನ್ ಕಪ್ ಮ್ಯಾಚ್, 17ನೇ ನಿಮಿಷ, ಬೆನ್ನ ಹಿಂದೆ ಬಿದ್ದ ಪಾಸಿಗೆ ಬಾಕ್ಸ್ ಆಚೆ ಓಡಿ ಬಂದ, ಫ್ರಿಂಪಾಂಗ್ ಮೊದಲು ತಲುಪಿದ, ಡಿಕ್ಕಿ, ರೆಡ್ ಕಾರ್ಡ್. ಇಡೀ ಕೆರಿಯರಲ್ಲಿ ಮೊದಲನೇದು. ಆಲ್ಜೀರಿಯಾ ಮ್ಯಾಚಲ್ಲಿ ಮಾಡಿದ ಓಟವೇ ಇದು, ಹತ್ತು ವರ್ಷ ಆಗಿತ್ತು ಅಷ್ಟೇ. ನನ್ನನ್ನ ಕೇಳಿದ್ರೆ ಆಶ್ಚರ್ಯ ಪಡಬೇಕಾದ್ದು ರೆಡ್ ಕಾರ್ಡ್ ಬಿತ್ತು ಅನ್ನೋದಕ್ಕಲ್ಲ, ಅಷ್ಟು ವರ್ಷ ಈ ತರ ಆಡಿಯೂ ಅಲ್ಲಿವರೆಗೆ ಒಂದೂ ಬಿದ್ದಿರ್ಲಿಲ್ಲ ಅನ್ನೋದಕ್ಕೆ.

ಎಲ್ಲಾ ತಪ್ಪನ್ನೂ ಇದೇ ಲೆಕ್ಕಕ್ಕೆ ಸೇರಿಸೋಕಾಗಲ್ಲ. 2024ರ ಮೇನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಇಡೀ ರಾತ್ರಿ ಒಂದಾದ್ಮೇಲೊಂದು ತಡೆದು, 88ನೇ ನಿಮಿಷದಲ್ಲಿ ವಿನೀಸಿಯಸ್ ಹೊಡೆದ ಸುಲಭದ ಚೆಂಡನ್ನ ಎದೆ ಹತ್ರ ಕೈಜಾರಿಸಿದ, ಹೊಸೆಲು ಗೋಲ್ ಹಾಕ್ದ. ಅದಕ್ಕೆ ಶೈಲಿ ಗೀಲಿ ಅಂತ ಕಾರಣ ಇಲ್ಲ, ಯಾವ ಕಾಲದ ಕೀಪರ್‌ಗೂ ಆಗೋ ತಪ್ಪು.

ಸ್ವಂತ ದೇಶದಲ್ಲಿ ನಡೆದ 2024ರ ಯೂರೋ ಆದ್ಮೇಲೆ ಆಗಸ್ಟ್‌ನಲ್ಲಿ 124 ಮ್ಯಾಚಿಗೆ ಅಂತ ಜರ್ಮನಿ ಟೀಮಿಗೆ ವಿದಾಯ ಹೇಳ್ದ. ಬಯರ್ನ್ ಜೊತೆ 2025ರ ಫೆಬ್ರವರಿಯಲ್ಲಿ ಇನ್ನೊಂದು ವರ್ಷಕ್ಕೆ ಒಪ್ಪಂದ ಮುಂದುವರಿಸಿದ, ಅಂದ್ರೆ ನಲವತ್ತು ದಾಟೋವರೆಗೆ.

ಬೇರೆ ಕೀಪರ್‌ಗಳ ಕಥೆ

ಇದೆಲ್ಲ ಒಬ್ಬನ ಕಥೆಯಾಗಿ ಉಳಿದಿಲ್ಲ. 2013ರಿಂದ 2016ರವರೆಗೆ ಬಯರ್ನ್‌ನಲ್ಲಿ ನ್ಯೂಯರ್‌ಗೆ ಕೋಚ್ ಆಗಿದ್ದ ಪೆಪ್ ಗ್ವಾರ್ಡಿಯೋಲಾ ಆಮೇಲೆ ಮ್ಯಾಂಚೆಸ್ಟರ್ ಸಿಟಿಗೆ ಹೋಗಿ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಇಂಗ್ಲೆಂಡ್‌ನ ನಂಬರ್ ಒನ್ ಕೀಪರ್ ಜೋ ಹಾರ್ಟ್‌ನ ಪಕ್ಕಕ್ಕಿಟ್ಟಿದ್ದು, ಕಾಲಲ್ಲಿ ಆಡೋಕೆ ಬರಲ್ಲ ಅನ್ನೋ ಕಾರಣಕ್ಕೆ. ಅವನ ಜಾಗಕ್ಕೆ ತಂದ ಕ್ಲಾಡಿಯೋ ಬ್ರಾವೋ ಸರಿಯಾಗಿ ಸೇವ್ ಮಾಡ್ಲಿಲ್ಲ ಅಂತ ಬೈಸಿಕೊಂಡ, ಮುಂದಿನ ವರ್ಷ ಎಡರ್ಸನ್ ಬಂದ್ಮೇಲೆ ಎರಡೂ ಕೂಡಿ ಬಂತು. ಕೀಪರ್ ಕೊಳ್ಳೋಕೆ ಹೊರಟ ದೊಡ್ಡ ಕ್ಲಬ್ ಈಗ ಮೊದಲು ಕೇಳೋ ಪ್ರಶ್ನೆಗಳಲ್ಲಿ ಪಾಸಿಂಗ್ ಹೇಗಿದೆ ಅನ್ನೋದೂ ಒಂದು. ಬಯರ್ನ್ 2025ರ ಜನವರಿಯಲ್ಲಿ ಕೊಲೋನ್ ಕ್ಲಬ್ಬಿಂದ ಯೋನಾಸ್ ಉರ್ಬಿಗ್ ಅನ್ನೋ ಹುಡುಗನ್ನ ತಂತು, ಆ ವರ್ಷ ನ್ಯೂಯರ್‌ಗೆ ಪೆಟ್ಟಾದಾಗ ಗೋಲಿಗೆ ಅವನೇ ಇಳಿದ. ಹುಟ್ಟಿದ್ದು 2003ರಲ್ಲಿ, ಬ್ಯಾಕ್ ಪಾಸ್ ರೂಲ್ ಬಂದು ಹನ್ನೊಂದು ವರ್ಷ ಆದ್ಮೇಲೆ.